ಎದೆ ಬಿಗಿತ, ಬಿಪಿ, ಒಂಟಿ ಕೋಣೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಕೆಲಸದ ಒತ್ತಡ, ಮನೆಯಿಂದ ದೂರವಿರುವ ಬದುಕು ಮತ್ತು ಹೃದಯದ ಬಗ್ಗೆ ಮುಂಬಯಿ, ಪುಣೆ, ಗೋವಾಗಳ ಕನ್ನಡಿಗರು ಕೇಳಿದ ಐದು ಪ್ರಶ್ನೆಗಳು ಇಲ್ಲಿವೆ. ಗುರುತು ಸಿಗುವ ವಿವರಗಳನ್ನು ತೆಗೆದಿದ್ದೇವೆ. ಈಗಲೇ ಎದೆನೋವು ಇರುವವರು ಉಳಿದದ್ದನ್ನು ಓದುತ್ತ ಕೂರಬೇಡಿ. ಆಂಬುಲೆನ್ಸಿಗಾಗಿ 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ನನಗೆ 38 ವರ್ಷ. ಮನೆ ಡೊಂಬಿವಲಿ, ಕೆಲಸ ಐರೋಳಿಯಲ್ಲಿ, ರಾತ್ರಿ ಪಾಳಿ. ಹೆಂಡತಿ, ಮಕ್ಕಳು ಹುಬ್ಬಳ್ಳಿಯಲ್ಲಿದ್ದಾರೆ. ಕೆಲವು ತಿಂಗಳಿಂದ ಪಾಳಿ ಶುರುವಾಗುವ ಹೊತ್ತಿಗೆ ಎದೆ ಬಿಗಿದಂತಾಗುತ್ತದೆ. ಇಸಿಜಿ ನಾರ್ಮಲ್ ಬಂತು. ಡಾಕ್ಟರು "ಟೆನ್ಷನ್ ಮಾಡ್ಕೋಬೇಡಿ" ಎಂದು ಕಳಿಸಿದರು. ಬರೀ ಟೆನ್ಷನ್ನಿಂದ ಹಾರ್ಟ್ ಕೆಡುತ್ತದೆಯೇ?

ಉತ್ತರ: ಕೆಡುತ್ತದೆ, ಆದರೆ ನಿಧಾನವಾಗಿ. ಆ ಮಾತಿಗೆ ಬರುವ ಮೊದಲು ನಿಮ್ಮ ಎದೆ ಬಿಗಿತವನ್ನು ನೋಡೋಣ, ಏಕೆಂದರೆ ಅದರ ತಪಾಸಣೆ ಇನ್ನೂ ಮುಗಿದಿಲ್ಲ.

ಇಸಿಜಿ ಎಂದರೆ ಮಲಗಿರುವಾಗ ಸುಮಾರು 10 ಸೆಕೆಂಡುಗಳ ಕಾಲ ಹೃದಯದ ವಿದ್ಯುತ್ತನ್ನು ದಾಖಲಿಸಿದ ಕಾಗದ. ರಕ್ತನಾಳ ಮುಕ್ಕಾಲು ಪಾಲು ಕಿರಿದಾಗಿದ್ದರೂ ಆರಾಮಾಗಿ ಮಲಗಿದ್ದಾಗ ಅದು ನಾರ್ಮಲ್ ಬರಬಹುದು. ಆದ್ದರಿಂದ ಎರಡು ವಾರ ಒಂದು ಸಣ್ಣ ಪುಸ್ತಕದಲ್ಲಿ ನಾಲ್ಕು ವಿಷಯ ಬರೆಯಿರಿ: ಬಿಗಿತ ಬಂದಾಗ ಏನು ಮಾಡುತ್ತಿದ್ದಿರಿ, ಎಷ್ಟು ನಿಮಿಷ ಇತ್ತು, ಕೈ ಅಥವಾ ದವಡೆಗೆ ಹರಡಿತೇ, ನಿಂತರೆ ಹೋಯಿತೇ. ಸ್ಟೇಷನ್ನಿನ ಸೇತುವೆ ಹತ್ತುವಾಗ ಬಂದು, ನಿಂತ ಐದು ನಿಮಿಷದಲ್ಲಿ ಹೋಗುವ ಬಿಗಿತ ರಕ್ತನಾಳದ್ದಿರುವ ಸಂಭವ ಹೆಚ್ಚು. ಹಾಗಿದ್ದರೆ ಎರಡು ವಾರ ಕಾಯದೆ ಹೃದ್ರೋಗ ತಜ್ಞರ ಬಳಿ ಹೋಗಿ. ಎಕೋ (ಹೃದಯದ ಸ್ಕ್ಯಾನ್), ಟ್ರೆಡ್‌ಮಿಲ್ (ನಡೆಸುತ್ತ ತೆಗೆಯುವ ಇಸಿಜಿ) ಪರೀಕ್ಷೆ ಬೇಕೇ ಎಂದು ಅವರು ಹೇಳುತ್ತಾರೆ. ಬೆರಳಿಟ್ಟು ತೋರಿಸಬಹುದಾದ ಜಾಗದಲ್ಲಿ, ಉಸಿರೆಳೆದಾಗ ಚುಚ್ಚಿ, ಕ್ಷಣದಲ್ಲಿ ಮಾಯವಾಗುವ ನೋವು ಹೃದಯದ್ದಾಗುವುದು ಕಡಿಮೆ. ಹತ್ತು ನಿಮಿಷದೊಳಗೆ ಏರಿ, ಕೈ ಜುಮ್ಮೆಂದು, ಸತ್ತೇಹೋಗುತ್ತೇನೆ ಎಂಬ ಭಯ ಹುಟ್ಟಿಸಿ ಇಳಿಯುವುದು ಪ್ಯಾನಿಕ್ (ಏಕಾಏಕಿ ಬರುವ ತೀವ್ರ ಆತಂಕ) ಆಗಿರಬಹುದು. ಆದರೆ ಆ ತೀರ್ಮಾನವನ್ನು ವೈದ್ಯರು ಮಾಡಬೇಕು. 38 ಸಣ್ಣ ವಯಸ್ಸು ಎಂಬ ಧೈರ್ಯ ಬೇಡ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರ ಮೊದಲ ಹೃದಯಾಘಾತದ ಸರಾಸರಿ ವಯಸ್ಸು 53 ಎಂದು ಕಂಡಿತು. ಬೇರೆಯವರಲ್ಲಿ ಅದು 59ರ ಆಸುಪಾಸು.

ಬಿಪಿ, ಖಾಲಿ ಹೊಟ್ಟೆಯ ಶುಗರ್, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್), ಕೊಲೆಸ್ಟರಾಲ್, ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ಮಾಡಿಸಿ. ಟೇಪು ಹಿಡಿದು ಸೊಂಟದ ಸುತ್ತಳತೆ ನೋಡಿ. ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರ ಬೇಕು.

ಈಗ ಟೆನ್ಷನ್. ಒತ್ತಡದ ಗಳಿಗೆಯಲ್ಲಿ ಅಡ್ರಿನಲಿನ್ ಏರುತ್ತದೆ, ನಾಡಿ ಓಡುತ್ತದೆ, ಬಿಪಿ ಏರುತ್ತದೆ, ರಕ್ತದ ಪ್ಲೇಟ್‌ಲೆಟ್‌ಗಳು ಬೇಗ ಅಂಟಿಕೊಳ್ಳುತ್ತವೆ. ಗಳಿಗೆ ಕಳೆದರೆ ಇಳಿಯುತ್ತದೆ. ತಿಂಗಳುಗಟ್ಟಲೆ ಇಳಿಯದಿದ್ದರೆ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನಿನ ಸರದಿ: ಹೊಟ್ಟೆಯ ಸುತ್ತ ಕೊಬ್ಬು ಕೂರುತ್ತದೆ, ಶುಗರ್ ಏರುತ್ತದೆ, ನಿದ್ದೆ ಕೆಡುತ್ತದೆ. 2017ರಲ್ಲಿ ಪ್ರಕಟವಾದ ಒಂದು ಸ್ಕ್ಯಾನ್ ಅಧ್ಯಯನ ಇನ್ನೊಂದು ದಾರಿಯನ್ನೂ ತೋರಿಸಿತು. ಮಿದುಳಿನಲ್ಲಿ ಭಯವನ್ನು ನಿರ್ವಹಿಸುವ ಅಮಿಗ್ಡಲಾ ಹೆಚ್ಚು ಚುರುಕಾಗಿದ್ದವರಲ್ಲಿ ಮೂಳೆಮಜ್ಜೆಯ ಚಟುವಟಿಕೆಯೂ ರಕ್ತನಾಳಗಳ ಗೋಡೆಯ ಉರಿಯೂತವೂ ಹೆಚ್ಚಿದ್ದವು, ಮುಂದಿನ ವರ್ಷಗಳಲ್ಲಿ ಅವರಿಗೆ ಹೃದಯದ ತೊಂದರೆಗಳೂ ಹೆಚ್ಚು ಬಂದವು.

ಕೆಲಸ ಹೆಚ್ಚಿದ್ದರೇ ಹೃದಯಕ್ಕೆ ಕೇಡು ಎಂದು ಬಹಳ ಜನ ತಿಳಿದಿದ್ದಾರೆ. ಬ್ರಿಟನ್ನಿನ ಸರ್ಕಾರಿ ನೌಕರರನ್ನು ದಶಕಗಳ ಕಾಲ ಗಮನಿಸಿದ ವೈಟ್‌ಹಾಲ್ ಅಧ್ಯಯನಗಳು ಬೇರೆಯದನ್ನೇ ಹೇಳಿದವು. ಹೃದ್ರೋಗ ಹೆಚ್ಚು ಬಂದದ್ದು ಮೇಲಧಿಕಾರಿಗಳಿಗಲ್ಲ, ಕೆಳಗಿನ ದರ್ಜೆಯವರಿಗೆ. ತಮ್ಮ ಕೆಲಸದ ವೇಗ, ಸಮಯ, ಕ್ರಮ ಯಾವುದರ ಮೇಲೂ ಹಿಡಿತವಿಲ್ಲದವರ ಹೃದಯ ಹೆಚ್ಚು ಸೋತಿತ್ತು. ಬೇಡಿಕೆ ಹೆಚ್ಚು, ಹಿಡಿತ ಕಡಿಮೆ, ಜೊತೆಗೆ ಮಾತಾಡಿಸುವವರಿಲ್ಲ, ಈ ಮೂರೂ ಸೇರಿದ ಕೆಲಸ ಅತಿ ಕೆಟ್ಟದ್ದು. ಅದಕ್ಕೇ "ಟೆನ್ಷನ್ ಮಾಡ್ಕೋಬೇಡಿ" ಎಂಬ ಮಾತನ್ನು ನಾವು ಸಲಹೆಯೆಂದು ಒಪ್ಪುವುದಿಲ್ಲ. ಟೆನ್ಷನ್ ನೀವು ಮಾಡಿಕೊಂಡದ್ದಲ್ಲ. ಅದರಲ್ಲಿ ಯಾವ ತುಣುಕನ್ನು ಬದಲಿಸಬಹುದು ಎಂದು ಹುಡುಕಬೇಕು.

ಮೊದಲು ಗಂಟೆ ಲೆಕ್ಕ ಹಾಕಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಕೊಟ್ಟ ಅಂದಾಜಿನಂತೆ, ವಾರಕ್ಕೆ 35–40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35, ಹೃದ್ರೋಗದಿಂದ ಸಾವಿನ ಅಪಾಯ ಶೇ. 17 ಹೆಚ್ಚು. ಹಿಂದಿನ ನಾಲ್ಕು ವಾರದ ನಿಮ್ಮ ಗಂಟೆಗಳನ್ನು ಬರೆದು ಸರಾಸರಿ ತೆಗೆಯಿರಿ. ಮೇಲಿನವರ ಬಳಿ "ಕೆಲಸ ಜಾಸ್ತಿಯಾಗಿದೆ" ಎಂದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಒಂದೇ ಒಂದು ನಿರ್ದಿಷ್ಟ ಬೇಡಿಕೆಯನ್ನು ಬರಹದಲ್ಲಿ ಇಡಿ: ಪಾಳಿಯ ಪಟ್ಟಿ ಎರಡು ವಾರ ಮುಂಚೆ ಸಿಗಲಿ, ಅಥವಾ ಪಾಳಿ ಮುಗಿದ ಮೇಲೆ ಕರೆ ಬಾರದಿರಲಿ. ಮುಂದೇನಾಗುತ್ತದೆಂದು ಮೊದಲೇ ತಿಳಿದಿರುವುದೂ ಒಂದು ಹಿಡಿತವೇ.

ರಾತ್ರಿ ಪಾಳಿಯ ದಿನ ದೊಡ್ಡ ಊಟ ಪಾಳಿಗೆ ಮೊದಲೇ ಆಗಲಿ. ನಡುರಾತ್ರಿಯ ಮೇಲೆ ಒಂದು ಮೊಸರನ್ನ ಅಥವಾ ಎರಡು ಇಡ್ಲಿಯಷ್ಟು ಸಾಕು, ಆ ಹೊತ್ತಿನಲ್ಲಿ ದೇಹ ಸಕ್ಕರೆಯನ್ನು ಸರಿಯಾಗಿ ಸಂಭಾಳಿಸುವುದಿಲ್ಲ. ಮಲಗುವ ಆರು ಗಂಟೆ ಮೊದಲು ಕೊನೆಯ ಚಹಾ. ಬೆಳಗ್ಗೆ ಮನೆಗೆ ಬರುವಾಗ ಕಪ್ಪು ಕನ್ನಡಕ ಹಾಕಿ, ಕಿಟಕಿಗೆ ದಪ್ಪ ಪರದೆ ಕಟ್ಟಿ. ಹಗಲು ನಿದ್ದೆ ಎರಡು ಕಂತಿನಲ್ಲಾದರೂ ಸರಿ, ಒಟ್ಟು ಏಳು ಗಂಟೆಯಾಗಲಿ. ಹುಬ್ಬಳ್ಳಿಗೆ ಮಾಡುವ ಫೋನು ಪ್ರತಿದಿನ ಒಂದೇ ಹೊತ್ತಿಗೆ ಇರಲಿ.

ಪ್ರಶ್ನೆ: ನಾನು ಕುಂದಾಪುರ ಕಡೆಯವ, ವಯಸ್ಸು 52. ಠಾಣೆಯ ಹೋಟೆಲೊಂದರಲ್ಲಿ ಗಲ್ಲಾ ನೋಡಿಕೊಳ್ಳುತ್ತೇನೆ. ಡಾಕ್ಟರ ಹತ್ತಿರ ಬಿಪಿ 128/82. ಒಮ್ಮೆ ಗಿರಾಕಿಗಳ ಗದ್ದಲದ ಹೊತ್ತಿನಲ್ಲಿ ಪರಿಚಯದವರ ಮಷಿನ್ನಿನಲ್ಲಿ ನೋಡಿದರೆ 156/98. ಯಾವುದನ್ನು ನಂಬಲಿ?

ಉತ್ತರ: ಒಂದೇ ಅಳತೆಯಾದರೆ ಯಾವುದನ್ನೂ ನಂಬಬೇಡಿ. ಆದರೆ ಎರಡನೆಯದನ್ನು ಬಿಟ್ಟುಬಿಡಲೂಬೇಡಿ. ದವಾಖಾನೆಯಲ್ಲಿ ಸರಿಯಿದ್ದು ಉಳಿದ ಹೊತ್ತು ಏರಿರುವ ಬಿಪಿ ಕೆಲಸದ ಒತ್ತಡವಿರುವವರಲ್ಲಿ, ತಂಬಾಕು ಸೇದುವವರಲ್ಲಿ, ಗೊರಕೆ ಹೊಡೆಯುವವರಲ್ಲಿ ಸಾಮಾನ್ಯ. ಇದರಿಂದ ಹೃದಯಕ್ಕಾಗುವ ಹಾನಿ ಬಹಿರಂಗವಾಗಿ ಕಾಣುವ ಬಿಪಿಯ ಹಾನಿಗೆ ಹತ್ತಿರ. ಡಾಕ್ಟರ ಮುಂದೆ ಕುಳಿತಾಗ ಕಾಣದ್ದರಿಂದ ಔಷಧವೂ ಶುರುವಾಗುವುದಿಲ್ಲ.

ಮೇಲ್ತೋಳಿಗೆ ಕಟ್ಟುವ ಡಿಜಿಟಲ್ ಮಷಿನ್ ಕೊಳ್ಳಿ, ಮಣಿಕಟ್ಟಿನದು ಬೇಡ. ಮೊದಲು ತೋಳಿನ ನಡುಭಾಗದ ಸುತ್ತಳತೆ ನೋಡಿ. ಡಬ್ಬಿಯಲ್ಲಿ ಬರುವ ಪಟ್ಟಿ ಸಾಮಾನ್ಯವಾಗಿ 22ರಿಂದ 32 ಸೆಂ.ಮೀ. ತೋಳಿಗೆ. ದಪ್ಪ ತೋಳಿಗೆ ಸಣ್ಣ ಪಟ್ಟಿ ಬಿಗಿದರೆ ಬಿಪಿ ಇಲ್ಲದಿದ್ದರೂ ಹೆಚ್ಚು ತೋರಿಸುತ್ತದೆ. ಅಳೆಯುವ ಅರ್ಧ ಗಂಟೆ ಮೊದಲು ಚಹಾ, ಕಾಫಿ, ಬೀಡಿ, ತಂಬಾಕು ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ, ಪಾದ ನೆಲಕ್ಕೆ ಊರಿ, ಕಾಲಿನ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನೆ ಕೂರಿ. ಕೈ ಮೇಜಿನ ಮೇಲೆ, ಪಟ್ಟಿ ಎದೆಯ ಮಟ್ಟಕ್ಕೆ ಇರಲಿ. ಅಂಗಿಯ ಮೇಲೆ ಪಟ್ಟಿ ಕಟ್ಟಬಾರದು, ಮಷಿನ್ ಓಡುವಾಗ ಮಾತಾಡಬಾರದು. ಒಂದು ನಿಮಿಷ ಬಿಟ್ಟು ಎರಡನೆಯ ಸಲ ನೋಡಿ. ಹೀಗೆ ಬೆಳಿಗ್ಗೆ ಎರಡು, ರಾತ್ರಿ ಎರಡು, ಏಳು ದಿನ. ಮೊದಲ ದಿನದ್ದನ್ನು ಬಿಟ್ಟು ಉಳಿದ 24ರ ಸರಾಸರಿ ತೆಗೆಯಿರಿ. ಮನೆಯ ಅಳತೆಗೆ ಗಡಿ 135/85, ಅಷ್ಟು ಅಥವಾ ಹೆಚ್ಚಿದ್ದರೆ ಅದು ಬಿಪಿಯೇ. ಇದರ ಜೊತೆಗೆ ಎರಡು ದಿನ ಮಧ್ಯಾಹ್ನದ ಗದ್ದಲ ಮುಗಿದ ಕೂಡಲೇ ಒಳಗೆ ಕೂತು ನೋಡಿ, ಬೇರೆ ಪುಟದಲ್ಲಿ ಬರೆಯಿರಿ. ಗೊಂದಲ ಉಳಿದರೆ 24 ಗಂಟೆಯ ಬಿಪಿ ಮಷಿನ್ ಕಟ್ಟಿಸಿಕೊಳ್ಳಬಹುದು.

180/120 ಕಂಡರೆ ಐದು ನಿಮಿಷ ಕೂತು ಮತ್ತೆ ನೋಡಿ. ಅಷ್ಟೇ ಇದ್ದು ಎದೆನೋವು, ಉಸಿರಾಟದ ತೊಂದರೆ, ಕಣ್ಣು ಮಬ್ಬು, ಮಾತು ತೊದಲುವುದು ಇದ್ದರೆ ನೇರ ಆಸ್ಪತ್ರೆ. ಲಕ್ಷಣ ಏನೂ ಇಲ್ಲದಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ.

ಹೋಟೆಲಿನವರ ಬಿಪಿಗೆ ಕೆಲವು ಕಾರಣಗಳು ಅಡುಗೆಮನೆಯಲ್ಲೇ ಇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಒಂದು ಸಣ್ಣ ಚಮಚ. ಊಟಕ್ಕೆ ಉಪ್ಪಿನಕಾಯಿ, ಹಪ್ಪಳ, ಸಂಜೆ ಉಳಿದ ಚಟ್ನಿ ಸೇರಿದರೆ ಅದು ಸುಲಭವಾಗಿ ಎರಡರಷ್ಟಾಗುತ್ತದೆ. ಹಗಲೆಲ್ಲ ನಿಂತು ಮಂಡಿ ನೋಯುತ್ತದೆಂದು ಮೆಡಿಕಲ್ಲಿನಿಂದ ಡೈಕ್ಲೋಫಿನಾಕ್, ಐಬುಪ್ರೊಫೆನ್ ಒಯ್ದು ನುಂಗುವವರಿದ್ದಾರೆ. ಅವೂ ಬಿಪಿ ಏರಿಸುತ್ತವೆ, ಹೃದಯಕ್ಕೂ ಕಿಡ್ನಿಗೂ ಒಳ್ಳೆಯದಲ್ಲ. ರಾತ್ರಿ ಒಂದು ಗಂಟೆಗೆ ಶಟರ್ ಎಳೆದು ಬೆಳಿಗ್ಗೆ ಐದಕ್ಕೆ ಏಳುವ ಪದ್ಧತಿ ನಿಮ್ಮಲ್ಲೂ ಇದ್ದರೆ ಉಪ್ಪು ಬಿಟ್ಟರೂ ಬಿಪಿ ಪೂರ್ತಿ ಇಳಿಯದು. ಯಜಮಾನರೊಡನೆ ಮಾತಾಡಿ ಬೆಳಗಿನ ಗಲ್ಲಾವನ್ನು ವಾರದಲ್ಲಿ ಮೂರು ದಿನ ಬೇರೆಯವರಿಗೆ ವಹಿಸುವುದು ಯಾವ ಮಾತ್ರೆಗೂ ಕಡಿಮೆಯಲ್ಲ. ಕೋಣೆಯಲ್ಲಿ ಜೊತೆಗೆ ಮಲಗುವ ಹುಡುಗರನ್ನು ಒಂದು ಮಾತು ಕೇಳಿ: ಗೊರಕೆಯ ನಡುವೆ ನಿಮ್ಮ ಉಸಿರು ನಿಲ್ಲುತ್ತದೆಯೇ? ಹೌದೆಂದರೆ ನಿದ್ದೆಯ ಪರೀಕ್ಷೆ ಆಗಲೇಬೇಕು.

ಪ್ರಶ್ನೆ: ನಾನು ಹಾಸನದವಳು, 63 ವರ್ಷ. ಮನೆಯವರು ತೀರಿಕೊಂಡ ಮೇಲೆ ಪುಣೆಯ ಹಿಂಜವಡಿಯಲ್ಲಿ ಮಗನ ಮನೆಗೆ ಬಂದೆ. ಮಗ ಸೊಸೆ ರಾತ್ರಿ ಎಂಟರ ತನಕ ಬರುವುದಿಲ್ಲ. ಮರಾಠಿ ಬಾರದು. ಊಟ ತಿಂಡಿಗೆ ಕೊರತೆಯಿಲ್ಲ, ಆದರೂ ಎದೆಯಲ್ಲಿ ಏನೋ ಭಾರ. ಒಂಟಿತನದಿಂದ ಹೃದಯಕ್ಕೆ ರೋಗ ಬರುತ್ತದೆಯೆಂದು ಟಿವಿಯಲ್ಲಿ ಹೇಳಿದರು, ನಿಜವೇ?

ಉತ್ತರ: ನಿಜ, ಅಮ್ಮಾ. 23 ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಒಂಟಿತನ ಅಥವಾ ಜನಸಂಪರ್ಕದ ಕೊರತೆ ಇದ್ದವರಿಗೆ ಹೃದಯಾಘಾತದಂಥ ರೋಗಗಳ ಅಪಾಯ ಶೇ. 29, ಪಾರ್ಶ್ವವಾಯುವಿನ ಅಪಾಯ ಶೇ. 32 ಹೆಚ್ಚು ಕಂಡಿತು. ಒಬ್ಬರೇ ಇರುವುದೂ ಒಂಟಿತನವೂ ಒಂದೇ ಅಲ್ಲ. ಒಬ್ಬರೇ ಇದ್ದು ನೆಮ್ಮದಿಯಾಗಿರುವವರಿದ್ದಾರೆ, ತುಂಬಿದ ಮನೆಯಲ್ಲಿ ಒಂಟಿಯಾದವರೂ ಇದ್ದಾರೆ. ನಿಮ್ಮದು ಎರಡನೆಯದು. ಹೇಳಿಕೊಂಡರೆ ಮಗನ ಮೇಲೆ ದೂರು ಹೇಳಿದಂತಾದೀತೆಂದು ಅನೇಕ ತಾಯಂದಿರು ಇದನ್ನು ನುಂಗಿಕೊಳ್ಳುತ್ತಾರೆ. ನೀವು ಬರೆದದ್ದು ಒಳ್ಳೆಯದಾಯಿತು.

ಒಂಟಿತನ ಹೃದಯವನ್ನು ತಲುಪುವ ದಾರಿಗಳು ಬಹಳ ಸಾಧಾರಣ. ನಿದ್ದೆ ತುಂಡಾಗುತ್ತದೆ. ಹೊರಗೆ ಹೋಗಲು ಕಾರಣವಿಲ್ಲದೆ ನಡಿಗೆ ನಿಲ್ಲುತ್ತದೆ. ಒಬ್ಬರಿಗೆ ಏನು ಅಡುಗೆ ಎಂದು ಬಿಸ್ಕತ್ತು, ಚಹಾದಲ್ಲಿ ಮಧ್ಯಾಹ್ನ ಕಳೆಯುತ್ತದೆ. ಬಿಪಿ ಮಾತ್ರೆ ತಪ್ಪಿದರೆ ಕೇಳುವವರಿಲ್ಲ. ಎಲ್ಲಕ್ಕಿಂತ ದೊಡ್ಡದು, ಎದೆ ನೋಯತೊಡಗಿದಾಗ "ಏಳಿ, ಆಸ್ಪತ್ರೆಗೆ ಹೋಗೋಣ" ಎನ್ನುವ ಮನುಷ್ಯ ಪಕ್ಕದಲ್ಲಿರುವುದಿಲ್ಲ.

ಎದೆಯ ಭಾರವನ್ನು ದುಃಖವೆಂದು ನೀವೇ ತೀರ್ಮಾನಿಸಬೇಡಿ. ಹೆಂಗಸರಲ್ಲಿ ಹೃದಯದ ತೊಂದರೆ ಹಲವು ಸಲ ವಿಪರೀತ ಸುಸ್ತು, ಏದುಸಿರು, ಬೆನ್ನು ಅಥವಾ ದವಡೆ ನೋವು, ಓಕರಿಕೆಯಾಗಿ ಬರುತ್ತದೆ. ಮುಟ್ಟು ನಿಂತ ಹೆಂಗಸರಿಗೆ ದೊಡ್ಡ ಆಘಾತದ ಬೆನ್ನಿಗೆ ಹೃದಯದ ತುದಿ ಬಲೂನಿನಂತೆ ಉಬ್ಬಿ ಬಲಗುಂದುವ ಸ್ಥಿತಿಯೂ ಉಂಟು. 1990ರಲ್ಲಿ ಜಪಾನಿನ ವೈದ್ಯರು ವಿವರಿಸಿದ ಇದಕ್ಕೆ ಟಾಕೋಟ್ಸುಬೊ ಎಂದು ಹೆಸರು. ಇಸಿಜಿ, ರಕ್ತಪರೀಕ್ಷೆ ಎರಡೂ ಹೃದಯಾಘಾತದಂತೆಯೇ ಕಾಣುವುದರಿಂದ ಆಸ್ಪತ್ರೆಯಲ್ಲೇ ಬಿಡಿಸಿ ನೋಡಬೇಕು. ಹೆಚ್ಚಿನವರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದ್ದರಿಂದ ಈ ವಾರವೇ ಇಸಿಜಿ, ಎಕೋ, ಬಿಪಿ, ಶುಗರ್, ಥೈರಾಯ್ಡ್ ಮಾಡಿಸಿ. ಕಿವಿಯನ್ನೂ ತೋರಿಸಿ. ಕಿವಿ ಮಂದವಾದವರು ಮಾತಿನಿಂದ ತಾವಾಗಿಯೇ ದೂರ ಸರಿಯುತ್ತಾರೆ, ಮನೆಯವರಿಗೆ ಅದು ತಿಳಿಯುವುದೇ ಇಲ್ಲ.

ಜನ ಬೇಕಾದರೆ ಎಲ್ಲಾದರೂ ಹೋಗಿ ಬನ್ನಿ ಎಂದಷ್ಟೇ ಹೇಳಿದರೆ ಸಾಲದು. ಒಂದೇ ಹೊತ್ತು, ಅದೇ ಮುಖಗಳು, ಕೈಗೆ ಒಂದು ಕೆಲಸ, ಈ ಮೂರು ಕೂಡಿದಲ್ಲಿ ಸ್ನೇಹ ಹುಟ್ಟುತ್ತದೆ. ಸೊಸೈಟಿಯ ತೋಟದಲ್ಲಿ ವಾರಕ್ಕೆ ಐದು ದಿನ ಅರ್ಧ ಗಂಟೆ ನಡೆಯಿರಿ, ಮಾತಾಡಲಾಗುವ ಆದರೆ ಹಾಡಲಾಗದ ವೇಗದಲ್ಲಿ, ದಿನವೂ ಅದೇ ಸಮಯಕ್ಕೆ. ಮೊದಲ ಎರಡು ವಾರ ಬರೀ ನಗು ವಿನಿಮಯವಾದೀತು, ಆಗಲಿ. ಮರಾಠಿ ಭಜನೆಗೆ ಕೂರಲು ಮರಾಠಿ ಬರಬೇಕಿಲ್ಲ, ವಿಠ್ಠಲ ಇಬ್ಬರಿಗೂ ಸೇರಿದವನು. ಪುಣೆಯ ಕನ್ನಡ ಸಂಘದ ಕಾರ್ಯಕ್ರಮಗಳಿಗೆ ತಿಂಗಳಿಗೊಮ್ಮೆ ಕರೆದೊಯ್ಯುವ ಹೊಣೆ ಮಗನದು. ಮಗ, ಸೊಸೆ ಇದನ್ನು ಓದುತ್ತಿದ್ದರೆ: ರಾತ್ರಿಯ ಒಂದು ಊಟ ಫೋನಿಲ್ಲದೆ ಅಮ್ಮನ ಜೊತೆ ಆಗಲಿ. ಅಮ್ಮನಿಗೆ ಒಂದು ಅಧಿಕಾರವನ್ನೂ ಕೊಡಿ, ತರಕಾರಿಯದಾಗಲಿ, ನಾಳೆಯ ತಿಂಡಿಯದಾಗಲಿ. ಹಿಡಿತವಿಲ್ಲದಿರುವುದು ಆಫೀಸಿನಲ್ಲಿ ಕೆಡಿಸುವಂತೆ ಮನೆಯಲ್ಲೂ ಕೆಡಿಸುತ್ತದೆ.

ಎರಡು ವಾರದಿಂದ ಹೆಚ್ಚಿನ ದಿನಗಳಲ್ಲಿ ಮನಸ್ಸು ಕುಗ್ಗಿದೆಯೇ? ಮೊದಲು ಇಷ್ಟವಾಗುತ್ತಿದ್ದುದು ಈಗ ಬೇಡವೆನಿಸುತ್ತದೆಯೇ? ಒಂದಕ್ಕೆ ಹೌದೆಂದರೂ ಖಿನ್ನತೆಯ ತಪಾಸಣೆ ಬೇಕು. 14416 ಸಂಖ್ಯೆಯ ಟೆಲಿ ಮಾನಸ್ ಸರ್ಕಾರದ ಉಚಿತ ಸೇವೆ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನಾವು ಬಿಜಾಪುರ ಕಡೆಯವರು, ವಾಸ್ಕೋದಾಗ ಸೆಂಟ್ರಿಂಗ್ ಕೆಲಸ. ವಯಸ್ಸು 44. ರೂಮಿನ್ಯಾಗ ಒಬ್ಬನ ಇರ್ತೀನಿ. ಹ್ವಾದ ತಿಂಗಳು ರಾತ್ರಿ ಎದಿ ಉರದು ಬೆವರು ಬಂತು, ಗ್ಯಾಸ್ ಅಂತ ಸೋಡಾ ಕುಡದು ಮಲಗಿದೆ. ಮತ್ತ ಬಂದ್ರ ಏನ ಮಾಡ್ಲಿ?

ಉತ್ತರ: ಮತ್ತೆ ಬರುವ ತನಕ ಕಾಯಬೇಡಿ. ನಾಳೆ ಕೆಲಸಕ್ಕೆ ರಜೆ ಹೇಳಿ ಇಸಿಜಿ ಮಾಡಿಸಿ. ವಾಸ್ಕೋದವರಿಗೆ ಚಿಕಾಲಿಮ್‌ನಲ್ಲಿ ಸರ್ಕಾರಿ ಆಸ್ಪತ್ರೆಯಿದೆ. ಬೆವರಿನ ಜೊತೆ ಬಂದ ಎದೆ ಉರಿಯನ್ನು ಗ್ಯಾಸ್ ಎಂದು ಕರೆಯುವುದು ಅಪಾಯ. ಸೋಡಾ ಕುಡಿದ ಮೇಲೆ ತೇಗು ಬಂದು ಹಗುರವಾದರೂ ಅದು ಹೃದಯದ್ದಲ್ಲ ಎಂದಾಗುವುದಿಲ್ಲ.

ಮತ್ತೆ ಬಂದರೆ ಮಾಡಬೇಕಾದ್ದು ಹೀಗೆ. ಎದೆಯ ನಡುವೆ ಒತ್ತಿದಂತೆ, ಹಿಂಡಿದಂತೆ, ಉರಿದಂತೆ ಆಗಿ 10 ನಿಮಿಷದಲ್ಲಿ ಹೋಗದಿದ್ದರೆ, ಅಥವಾ ಬೆವರು, ವಾಂತಿ, ಏದುಸಿರು, ಎಡಗೈ ಅಥವಾ ದವಡೆಗೆ ಹರಡುವ ನೋವು ಜೊತೆಗಿದ್ದರೆ, ಕೂಡಲೇ 108. ಗೋವಾದಲ್ಲೂ ಮಹಾರಾಷ್ಟ್ರದಲ್ಲೂ ಅದೇ ಸಂಖ್ಯೆ, ಉಚಿತ. ಫೋನಿನಲ್ಲಿ ಮೊದಲು ಜಾಗ ಹೇಳಿ, ಹತ್ತಿರದ ಗುಡಿ ಅಥವಾ ಅಂಗಡಿಯ ಗುರುತು ಸಮೇತ. ಆಮೇಲೆ ಬಾಗಿಲ ಚಿಲಕ ತೆಗೆದಿಡಿ. ಒಬ್ಬರೇ ಇರುವವರು ಇದನ್ನು ಮರೆಯುತ್ತಾರೆ, ಒಳಗೆ ಪ್ರಜ್ಞೆ ತಪ್ಪಿದರೆ ಬಾಗಿಲು ಒಡೆಯುವುದರಲ್ಲಿ ಹೊತ್ತು ಹೋಗುತ್ತದೆ. ಪಕ್ಕದವರನ್ನು ಕೂಗಿ. ಆಸ್ಪಿರಿನ್ 300 ಮಿಲಿಗ್ರಾಂ, 75ರ ಮಾತ್ರೆಯಿದ್ದರೆ ನಾಲ್ಕು, ಹಾಗೇ ನುಂಗದೆ ಅಗಿದು ನುಂಗಬೇಕು. ಅಗಿದರೆ ಬೇಗ ರಕ್ತಕ್ಕೆ ಸೇರುತ್ತದೆ. ಆಸ್ಪಿರಿನ್ ಅಲರ್ಜಿ ಇದ್ದವರಿಗೆ, ಹೊಟ್ಟೆಯಿಂದ ರಕ್ತ ಹೋಗುತ್ತಿರುವವರಿಗೆ, ಬಾಯಿ ಸೊಟ್ಟಗಾಗಿ ಮಾತು ತೊದಲುತ್ತಿರುವವರಿಗೆ ಇದು ಬೇಡ. ಯಾರೋ ಕೊಟ್ಟ ಸಾರ್ಬಿಟ್ರೇಟನ್ನು (ರಕ್ತನಾಳ ಹಿಗ್ಗಿಸುವ ಎದೆನೋವಿನ ಮಾತ್ರೆ) ನಾಲಿಗೆಯ ಕೆಳಗೆ ಇಡಬೇಡಿ, ಬಿಪಿ ಕುಸಿದು ಬೀಳಬಹುದು. ನಡೆದು, ಬೈಕ್ ಓಡಿಸಿ ಹೋಗಬೇಡಿ, ಮಹಡಿ ಇಳಿಯಬೇಡಿ. ಅರೆ ಒರಗಿ ಕೂತಿರಿ.

ಆಸ್ಪತ್ರೆ ಸೇರಿದ 10 ನಿಮಿಷದೊಳಗೆ ಇಸಿಜಿ ಆಗಬೇಕು. ರಕ್ತನಾಳ ಪೂರ್ತಿ ಮುಚ್ಚಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಅಥವಾ ಆಂಜಿಯೋಪ್ಲಾಸ್ಟಿ (ಮುಚ್ಚಿದ ನಾಳವನ್ನು ಬಲೂನಿನಿಂದ ತೆರೆಯುವುದು) ಎಷ್ಟು ಬೇಗವೋ ಅಷ್ಟು ಹೃದಯದ ಸ್ನಾಯು ಉಳಿಯುತ್ತದೆ. ಗೋವಾದಲ್ಲಿ ಹೊರಗಿನ ಸರ್ಕಾರಿ ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನ ತಜ್ಞರು ನೋಡಿ, ಇಂಜೆಕ್ಷನ್ ಅಲ್ಲಿಯೇ ಕೊಡಿಸುವ ವ್ಯವಸ್ಥೆಯಿದೆ.

ನಿಮ್ಮ ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ದು ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಕಡಿತವಾಗುತ್ತಿದ್ದರೆ ಕಾರ್ಡು ಕೇಳಿ ಪಡೆಯಿರಿ. ಗುಟ್ಕಾ, ತಂಬಾಕು ಇದ್ದರೆ ಬಿಡಲು 1800-11-2356ಕ್ಕೆ ಉಚಿತವಾಗಿ ಕರೆ ಮಾಡಿ. ಸಾಧ್ಯವಾದರೆ ನಿಮ್ಮೂರಿನವರೊಬ್ಬರ ಜೊತೆ ರೂಮು ಮಾಡಿ. ಆಗದಿದ್ದರೆ ಬೆಳಿಗ್ಗೆ ಎದ್ದ ಕೂಡಲೇ ಒಬ್ಬರಿಗೆ ಮಿಸ್ಡ್ ಕಾಲ್ ಕೊಡುವ ಒಪ್ಪಂದ ಮಾಡಿಕೊಳ್ಳಿ. ಕರೆ ಬಾರದಿದ್ದರೆ ಅವರು ಬಂದು ನೋಡಬೇಕು.

ಪ್ರಶ್ನೆ: ಚಿಂಚವಾಡದ ಕಾರ್ಖಾನೆಯಲ್ಲಿ ಮೇಲ್ವಿಚಾರಕ, 47. ಹೃದಯಾಘಾತವಾಗಿ ಸ್ಟೆಂಟ್ ಹಾಕಿ ಎರಡು ತಿಂಗಳು. ಕೆಲಸಕ್ಕೆ ಹೋಗಲು ಹೆದರಿಕೆ, ನಿದ್ದೆಯಿಲ್ಲ. ಸ್ನೇಹಿತರು ಕೊಟ್ಟ ಆಲ್‌ಪ್ರಜೋಲಾಮ್ (ಆತಂಕ ಇಳಿಸಿ ನಿದ್ದೆ ತರುವ ಮಾತ್ರೆ) ದಿನಾ ತೆಗೆದುಕೊಳ್ಳುತ್ತಿದ್ದೇನೆ. ಸರಿಯೇ?

ಉತ್ತರ: ಸರಿಯಲ್ಲ, ಆದರೆ ಇವತ್ತೇ ಥಟ್ಟನೆ ನಿಲ್ಲಿಸಬೇಡಿ. ದಿನವೂ ತೆಗೆದುಕೊಂಡವರು ಒಮ್ಮೆಲೇ ಬಿಟ್ಟರೆ ನಡುಕ, ನಿದ್ರಾಹೀನತೆ, ಕೆಲವೊಮ್ಮೆ ಫಿಟ್ಸ್ ಬರಬಹುದು. ವೈದ್ಯರು ಡೋಸನ್ನು ಹಂತಹಂತವಾಗಿ ಇಳಿಸುತ್ತಾರೆ. ಹೃದಯಾಘಾತವಾದ ಐವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಬರುತ್ತದೆ. ಬಂದವರು ಮಾತ್ರೆ, ವ್ಯಾಯಾಮ ಎರಡನ್ನೂ ಬಿಡುವುದರಿಂದ ಎರಡನೆಯ ಆಘಾತದ ಅಪಾಯ ಏರುತ್ತದೆ. ಹೃದ್ರೋಗಿಗಳಿಗೂ ಕೊಡಬಹುದಾದ ಖಿನ್ನತೆಯ ಔಷಧಗಳಿವೆ. ಮನೋವೈದ್ಯರಿಗೆ ಸ್ಟೆಂಟ್ ಆದದ್ದನ್ನೂ ನುಂಗುವ ಎಲ್ಲ ಮಾತ್ರೆಗಳ ಹೆಸರನ್ನೂ ಹೇಳಿ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿರುವ ಎರಡು ಮಾತ್ರೆಗಳನ್ನು ಹೃದ್ರೋಗ ತಜ್ಞರು ಹೇಳದೆ ಒಂದು ದಿನವೂ ತಪ್ಪಿಸಬೇಡಿ. ಹಲ್ಲು ಕೀಳಿಸಲು ಹೋದಾಗ "ಐದು ದಿನ ನಿಲ್ಲಿಸಿ" ಎಂದು ಯಾರಾದರೂ ಅಂದರೂ ಮೊದಲು ಹೃದ್ರೋಗ ತಜ್ಞರನ್ನು ಕೇಳಿ.

ಕೆಲಸಕ್ಕೆ ಮರಳುವ ಮೊದಲು ಎಕೋ, ಮತ್ತು ವೈದ್ಯರು ಒಪ್ಪಿದರೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ. ಎಷ್ಟು ಶ್ರಮ ತಡೆಯುತ್ತೀರಿ ಎಂದು ಕಣ್ಣಾರೆ ಕಂಡರೆ ಹೆದರಿಕೆ ಅರ್ಧ ಇಳಿಯುತ್ತದೆ. ಮೊದಲ ಎರಡು ವಾರ ಅರ್ಧ ದಿನ, ಹಗಲು ಪಾಳಿ ಮಾತ್ರ, ಹೆಚ್ಚುವರಿ ಗಂಟೆ ಇಲ್ಲ ಎಂದು ವೈದ್ಯರ ಚೀಟಿಯಲ್ಲಿ ಬರೆಸಿಕೊಳ್ಳಿ. ಕೆಲಸದ ನಡುವೆ ದಿನಕ್ಕೆರಡು ಸಲ ಐದು ನಿಮಿಷ ನಿಧಾನ ಉಸಿರಾಟ ಮಾಡಿ: ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ, ನಿಮಿಷಕ್ಕೆ ಆರು ಉಸಿರು. ಜೊತೆಗೆ ಲೈನಿನಲ್ಲಿರುವ ಇಬ್ಬರಿಗಾದರೂ ನಿಮಗೆ ಸ್ಟೆಂಟ್ ಆಗಿದೆ ಎಂದೂ ಆಸ್ಪಿರಿನ್ ಯಾವ ಜೇಬಿನಲ್ಲಿದೆ ಎಂದೂ ಹೇಳಿಡಿ. ನೀವು ಕುಸಿದು ಉಸಿರಾಡದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರ್ ಆಳಕ್ಕೆ ಒತ್ತುವುದನ್ನು ಆ ಇಬ್ಬರು ಕಲಿತಿರಲಿ. ಕಾರ್ಖಾನೆಯ ಸುರಕ್ಷತಾ ವಿಭಾಗವನ್ನು ಕೇಳಿದರೆ ತರಬೇತಿ ಏರ್ಪಡಿಸುತ್ತಾರೆ. ಆ ಅರ್ಜಿಯನ್ನು ಮರಳಿದ ಮೊದಲ ವಾರದಲ್ಲೇ ಕೊಡಿ.